ಎಡಗೈಯ ಹೆಬ್ಬೆರಳು

ತಾನು ಮಾಡಿದ ತಪ್ಪು ಯೋಬ್ಸ್ಟ್ ಎಬರ್ಲಿನ್‌ಗೆ ತಿಳಿದದ್ದು ಬೆಳಗಿನ ಗಂಜಿ ಕುಡಿಯುವಾಗ, ಅದೂ ಹೆಂಡತಿಯ ಬಾಯಿಂದ. ಅವಳು ಅದನ್ನು ತಪ್ಪು ಎಂದು ಕರೆಯಲಿಲ್ಲ. ಅಪೊಲೋನಿಯಾ ಅಂಥ ವಿಷಯಗಳನ್ನು ನೇರವಾಗಿ ಹೆಸರು ಹಿಡಿದು ಹೇಳುವವಳೇ ಅಲ್ಲ. ಮದುವೆಯಾದ ಹೊಸತರಲ್ಲಿ ಅವನು ಹೆಮ್ಮೆಯಿಂದ ಮುಂದೆ ಹಿಡಿದ ಮೊದಲ ಚಿತ್ರವನ್ನು ಬಹಳ ಹೊತ್ತು ನೋಡಿ, ಕಾಗದ ತುಂಬ ಚೆನ್ನಾಗಿದೆ ಎಂದಿದ್ದಳು. ಈಗಲೂ ಹಾಗೆಯೇ. ಕಿಟಕಿಯ ಬಳಿಯ ಮೇಜಿನ ಮೇಲೆ ಅವನ ಅಚ್ಚಿನ ಹಾಳೆಗಳನ್ನು ಹರಡಿಕೊಂಡು ಬಣ್ಣ ತುಂಬುತ್ತಿದ್ದವಳು, ರೈತನ ಕೈಗೆ ಹಚ್ಚಬೇಕಾದ ಕೆಂಪನ್ನು ಕುಂಚದ ತುದಿಯಲ್ಲೇ ನಿಲ್ಲಿಸಿ, "ರೀ, ಆ ರೈತ ಫೈಟ್‌ಗೆ ಕೆಟ್ಟಿರೋದು ಬಲಗೈ ಅಲ್ವಾ?" ಎಂದಳು.

"ಯಾವ ಫೈಟ್?"

"ಎಷ್ಟು ಜನ ಫೈಟ್ ಗೊತ್ತು ನಿಮಗೆ? ಓಬರ್‌ರೀಡಿನವನು. ಇಲ್ಲೇ ಕೂತು ನಿಮಗೆ ಕೈ ತೋರಿಸಿದವನು. ನಿನ್ನೆ ಧರ್ಮದ ಕಚೇರಿಗೆ ಬಿಲ್ಲೆ ಕೇಳೋಕೆ ಹೋಗಿದ್ನಂತೆ. ಚಿತ್ರದಲ್ಲಿರೋನಿಗೆ ಜಜ್ಜಿರೋದು ಎಡಗೈ, ನೀನು ಬಲಗೈ ಕಟ್ಕೊಂಡು ಬಂದಿದೀಯ, ನೀನು ಅವನಲ್ಲ, ಹೋಗು ಅಂದ್ರಂತೆ."

"ಯಾರು ಹೇಳಿದ್ದು ನಿನಗೆ?"

"ಅವನೇ. ಸಂಜೆ ಸಾರು ತಗೊಂಡು ಹೋಗಿದ್ದೆ."

"ನನ್ನ ಮೇಲೆ ದೂರು ಹೇಳಿದ್ನಾ?"

"ಇಲ್ಲ. ನಿಮ್ಮ ಕೆಮ್ಮು ಹೇಗಿದೆ ಅಂತ ಕೇಳಿದ."

ಅವಳು ಮತ್ತೆ ಕುಂಚ ಇಳಿಸಿದಳು. ಹಾಳೆಯ ಮೇಲಿನ ರೈತನ ಎಡಗೈ ಹೆಬ್ಬೆರಳು ಕೆಂಪಗಾಯಿತು. ಪಕ್ಕದಲ್ಲಿ ಇನ್ನೊಂದು ಹಾಳೆ ಕಾದಿತ್ತು, ಅದರ ಕೆಳಗೆ ಮತ್ತೊಂದು. ಈ ಹೆಬ್ಬೆರಳಿಗೆ ಗಿರಾಕಿಗಳು ಬಹಳ ಜನ ಇದ್ದರು.

ನಾಳೆ ಸಂತ ಮಾರ್ಟಿನ್‌ನ ಹಬ್ಬ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗಾಗಿ ತನ್ನ ಮೇಲಂಗಿಯನ್ನು ಕತ್ತಿಯಿಂದ ಹೋಳು ಮಾಡಿ ಅರ್ಧ ಕೊಟ್ಟ ಪುಣ್ಯಾತ್ಮ ಅವನು. ವೈಸೆನ್‌ವರ್ತ್ ನಗರ ಅವನ ನೆನಪನ್ನು ಎರಡು ಬಗೆಯಲ್ಲಿ ಉಳಿಸಿಕೊಂಡು ಬಂದಿತ್ತು: ಮನೆಮನೆಯಲ್ಲಿ ಹೆಬ್ಬಾತು ಹುರಿದು ತಿನ್ನುವುದು, ಮತ್ತು ಬಿಲ್ಲೆಯಿಲ್ಲದ ಪರವೂರಿನ ಭಿಕ್ಷುಕರನ್ನೆಲ್ಲ ಅಂದು ಬೆಳಗ್ಗೆಯೇ ಕೋಟೆ ಬಾಗಿಲಿನ ಆಚೆ ಬಿಟ್ಟು ಬರುವುದು. ಆಚೆ ಏನಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಸ್ವೀಡರು ಸುಟ್ಟ ಹಳ್ಳಿಗಳು, ಆ ಹಳ್ಳಿಗಳನ್ನು ಸ್ವೀಡರಿಂದ ಕಾಪಾಡಲು ಬಂದ ಚಕ್ರವರ್ತಿಯ ಸೈನ್ಯ ಮತ್ತೊಮ್ಮೆ ಸುಟ್ಟ ಅದೇ ಹಳ್ಳಿಗಳು, ಅವುಗಳ ನಡುವೆ ತೋಳಗಳು, ಮೊಣಕಾಲಿನವರೆಗೆ ಬರಲಿರುವ ಹಿಮ. ಹಾಗೆಂದು ನಗರಸಭೆಗೆ ಕರುಣೆ ಇರಲಿಲ್ಲವೆನ್ನುವಂತಿಲ್ಲ. ನಿಜವಾಗಿ ನೊಂದವರಿಗೆ ಹಿತ್ತಾಳೆಯ ಬಿಲ್ಲೆ ಕೊಟ್ಟು ಚಳಿಗಾಲ ಮುಗಿಯುವ ತನಕ ಊರೊಳಗೆ ಇಟ್ಟುಕೊಳ್ಳುತ್ತಿದ್ದರು. ನಿಜವಾಗಿ ನೊಂದವರು ಯಾರು ಎಂದು ತಿಳಿಯುವುದೇ ಕಷ್ಟವಾಗಿತ್ತು. ಆ ಕಷ್ಟವನ್ನೂ ಯೋಬ್ಸ್ಟ್‌ನ ಚಿತ್ರ ಪರಿಹರಿಸಿತ್ತು. ಧರ್ಮದ ಕಚೇರಿಯಲ್ಲಿ ಕಾಣಿಕೆ ಡಬ್ಬಿಯ ಮೇಲೆ, ಚೌಕಟ್ಟು ಹಾಕಿಸಿದ 'ಓಬರ್‌ರೀಡಿನ ರೈತ' ಹಳೆಯ ತೊಲೆಗೆ ಒರಗಿ ಕೂತು ತನ್ನ ಜಜ್ಜಿದ ಹೆಬ್ಬೆರಳನ್ನು ಬಂದವರಿಗೆಲ್ಲ ತೋರಿಸುತ್ತಿದ್ದ. ಡಬ್ಬಿ ಮೊದಲಿಗಿಂತ ಬೇಗ ತುಂಬುತ್ತಿತ್ತು. ಚಿತ್ರದ ಕೆಳಗೆ, ಮೂಲೆಯಲ್ಲಿ, ಯೋಬ್ಸ್ಟ್‌ನ ಹೆಸರಿನ ಪಕ್ಕ ಸಣ್ಣ ಅಕ್ಷರಗಳಿದ್ದವು: ಕಣ್ಣಾರೆ ಕಂಡು ಬರೆದದ್ದು.

ಕಣ್ಣಾರೆ ಕಂಡದ್ದೆಂದರೆ ಹೊಗೆ. ಓಬರ್‌ರೀಡ್ ಉರಿದ ದಿನ ಕೋಟೆಯ ಗೋಡೆಯ ಮೇಲೆ ಊರಿನ ಅರ್ಧ ಜನ ನಿಂತಿದ್ದರು, ಅವರ ಬೆನ್ನ ಹಿಂದೆ ಅವನೂ ನಿಂತಿದ್ದ. ದೂರದಲ್ಲಿ ಬೂದು ಬಣ್ಣದ ಒಂದು ಗೆರೆ ನೆಟ್ಟಗೆ ಮೇಲೆದ್ದು ಆಮೇಲೆ ಗಾಳಿಗೆ ಬಾಗಿತು. ಬಾಗಿದ ಆ ಗೆರೆ ಅವನಿಗೆ ಬಹಳ ಇಷ್ಟವಾಯಿತು. ಉಳಿದದ್ದನ್ನೆಲ್ಲ, ಅಂದರೆ ಸಿಪಾಯಿಗಳ ಗರಿ ಸಿಕ್ಕಿಸಿದ ಟೊಪ್ಪಿಗಳನ್ನು, ಕತ್ತಿ ಹಿಡಿದ ತೋಳುಗಳನ್ನು, ಕೂದಲು ಹಿಡಿದು ಎಳೆಯಲ್ಪಡುವ ಹೆಂಗಸನ್ನು, ಅವನು ಈ ಮೇಜಿನ ಮುಂದೆ ಕೂತು, ಕಾಲು ಬೆಚ್ಚಗಿಟ್ಟುಕೊಂಡು, ಎಲ್ಲರೂ ಮಾಡುವ ಹಾಗೆ ಮೊದಲು ಕಾಗದದ ಮೇಲೆ ಬರೆದ. ಆಮೇಲೆ ಕಸುಬಿನ ನಿಯಮದಂತೆ ಆ ಕಾಗದದ ಎದುರಿಗೆ ಕನ್ನಡಿ ಇಟ್ಟು, ಕನ್ನಡಿಯಲ್ಲಿ ಕಂಡಂತೆ ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀಚಿದ. ತಗಡಿನಿಂದ ಹಾಳೆಗೆ ಇಳಿಯುವಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಕನ್ನಡಿ ಇರುವುದು ಅದನ್ನು ಮೊದಲೇ ತಿರುಗಿಸಿಡುವುದಕ್ಕೆ. ಈ ಕಸುಬಿಗೆ ಬಂದ ಎಲ್ಲರೂ ಮೊದಲ ವಾರದಲ್ಲೇ ಕಲಿಯುವ ಪಾಠ ಇದು. ಆದರೆ ಫೈಟ್‌ನನ್ನು ಮಾತ್ರ ಅವನು ಕಾಗದದ ಮೇಲೆ ಬರೆದುಕೊಳ್ಳಲಿಲ್ಲ. ಎದುರಿಗೆ ಕೂರಿಸಿಕೊಂಡು ನೇರವಾಗಿ ತಾಮ್ರದ ಮೇಲೆ ಗೀಚಿದ. ಮುಖದ ಮೇಲೆ ನೋವು ಅಷ್ಟು ಚೆನ್ನಾಗಿ ಬರುತ್ತಿತ್ತು. ಕನ್ನಡಿ, ಕಾಗದ ಎಂದು ಎದ್ದರೆ ಅದು ಹೋಗಿಬಿಡುತ್ತದೆಂದು ಹೆದರಿದ. ಹೀಗೆ ಇಡೀ ಚಿತ್ರದಲ್ಲಿ ಅವನು ಕಾಣದೆ ಬರೆದದ್ದೆಲ್ಲ ಸರಿಯಾಗಿತ್ತು, ಸಿಪಾಯಿಗಳು ಬಲಗೈಯಲ್ಲೇ ಕತ್ತಿ ಹಿಡಿದಿದ್ದರು. ಕಣ್ಣಾರೆ ಕಂಡು ಬರೆದದ್ದೊಂದೇ ತಪ್ಪಾಗಿತ್ತು.

"ಹೋಗಿ ಹೇಳಿ ಬರ್ತೀರಾ?" ಎಂದಳು ಅಪೊಲೋನಿಯಾ.

"ಏನಂತ ಹೇಳ್ಲಿ?"

"ಕೈ ತಿರುಗಿದೆ ಅಂತ."

"ಅಷ್ಟು ಸುಲಭಾನಾ ಅದು?"

"ಸುಲಭ ಅಂತ ನಾನೆಲ್ಲಿ ಹೇಳಿದೆ? ಕಂಬಳಿ ಹೊದ್ಕೊಂಡು ಹೋಗಿ, ಗಾಳಿ ಇದೆ."

ಅವಳ ಕುಂಚ ನಿಲ್ಲಲಿಲ್ಲ. ಅವನಿಗೆ ಸ್ವಲ್ಪ ಸಿಟ್ಟು ಬಂತು. ಅವಳು ಬೈದಿದ್ದರೆ, ಅತ್ತಿದ್ದರೆ, ಕನಿಷ್ಠ ಕುಂಚವನ್ನಾದರೂ ಮೇಜಿನ ಮೇಲೆ ಕುಕ್ಕಿದ್ದರೆ ಅವನಿಗೆ ವಾದ ಮಾಡಲು ಏನಾದರೂ ಸಿಗುತ್ತಿತ್ತು. ಎದ್ದು, ಕಂಬಳಿ ಹೊದ್ದು, ಹೊಸಿಲು ದಾಟುವ ಹೊತ್ತಿಗೆ ಅವನ ಮನಸ್ಸು ಆಗಲೇ ಬೇರೆ ದಾರಿಗಳನ್ನು ಹುಡುಕತೊಡಗಿತ್ತು. ತಗಡಿನ ಮೇಲೆ ಆ ಕೈಯನ್ನು ಉಜ್ಜಿ ಅಳಿಸಿ, ನುಣುಪು ಮಾಡಿ, ಮತ್ತೆ ಮೇಣ ಬಳಿದು, ಬಲಗೈ ಗೀಚಿ, ಆಮ್ಲದಲ್ಲಿಟ್ಟು ಹೊಸದಾಗಿ ಅಚ್ಚು ಹಾಕಬಹುದು. ಹಾಕಬಹುದು, ಆದರೆ ನಾಳೆ ಬೆಳಗಿನೊಳಗಲ್ಲ. ಊರು ತುಂಬ ಈಗಾಗಲೇ ಎಡಗೈಗಳೇ ತೂಗುತ್ತಿರುವಾಗ ಹೊಸ ಹಾಳೆ ಬಂದರೆ ಎರಡರಲ್ಲಿ ಯಾವುದು ಕಣ್ಣಾರೆ ಕಂಡದ್ದು ಎಂದು ಜನ ಕೇಳಲಾರರೇ? ಗುಟ್ಟಾಗಿ ಫೈಟ್‌ನನ್ನು ಮನೆಯಲ್ಲೇ ಅಡಗಿಸಿಟ್ಟುಕೊಳ್ಳಬಹುದು. ಬಿಲ್ಲೆಯಿಲ್ಲದವರಿಗೆ ಜಾಗ ಕೊಟ್ಟವರಿಗೆ ದಂಡ. ದಂಡಕ್ಕಿಂತ ಹೆಚ್ಚಾಗಿ, ಫೈಟ್ ದಿನವೂ ಆ ಮೂಲೆಯಲ್ಲಿ ಕೂತು ತನ್ನನ್ನು ನೋಡುತ್ತಿರುತ್ತಾನೆ, ಕೆಮ್ಮು ಹೇಗಿದೆ ಎಂದು ಕೇಳುತ್ತಿರುತ್ತಾನೆ.

ಬೀದಿಯಲ್ಲಿ ಹೆಬ್ಬಾತಿನ ಕೊಬ್ಬು ಕರಗುವ ವಾಸನೆ ಹಬ್ಬದ ಮುಂಚೆಯೇ ಹರಡಿತ್ತು. ಚರ್ಚಿನ ಮೆಟ್ಟಿಲುಗಳ ಮೇಲೆ ಭಿಕ್ಷುಕರು ಸಾಲಾಗಿ ಕೂತಿದ್ದರು, ಮತ್ತು ಅವರಲ್ಲಿ ಬಹುಪಾಲು ಜನ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಯೋಬ್ಸ್ಟ್ ಇದನ್ನು ಈ ಹಿಂದೆಯೂ ನೋಡಿದ್ದ. ತನ್ನ ಕಲೆ ಜನರ ಬದುಕಿನೊಳಗೆ ಇಳಿದಿದೆ ಎಂದು ಒಳಗೊಳಗೆ ಸಂತೋಷವನ್ನೂ ಪಟ್ಟಿದ್ದ. ಹರೆಯದ ಉತ್ಸಾಹವಿನ್ನೂ ಆರದ ಕೆಂಪು ಗಡ್ಡದವನೊಬ್ಬ ಕಟ್ಟಿದ ಕೈ ಮುಂದೆ ಮಾಡಿದ.

"ಯಜಮಾನ್ರೇ, ಧರ್ಮ ಮಾಡಿ. ಓಬರ್‌ರೀಡಿನವನು ನಾನು."

"ಓಬರ್‌ರೀಡ್ ಯಾವ ಕಡೆ ಬರುತ್ತಪ್ಪಾ?"

ಗಡ್ಡದವನು ಒಂದು ಗಳಿಗೆ ಯೋಚಿಸಿ, "ಎಡಗಡೆ, ಯಜಮಾನ್ರೇ" ಅಂದ.

ಪಕ್ಕದಲ್ಲಿದ್ದವರು ನಕ್ಕರು, ಅವನೂ ನಕ್ಕ. ಯೋಬ್ಸ್ಟ್ ಒಂದು ಬಿಡಿಕಾಸು ಹಾಕಿ ಬೇಗ ಬೇಗ ನಡೆದ. ಇವರೆಲ್ಲರಿಗೂ ಬಿಲ್ಲೆ ಸಿಕ್ಕಿರಬಹುದು. ಸಿಕ್ಕಿದರೆ ತಪ್ಪೇನು, ಅವರಿಗೂ ಹಿಮ ತಣ್ಣಗೇ ಇರುತ್ತದೆ. ಕೋಟೆಯೊಳಗಿನ ಇಷ್ಟು ಜನರಲ್ಲಿ ಓಬರ್‌ರೀಡಿನ ರೈತನಂತೆ ಕಾಣದವನು ಓಬರ್‌ರೀಡಿನ ರೈತನೊಬ್ಬನೇ. ಈ ಮಾತು ಮನಸ್ಸಿನಲ್ಲಿ ಬಂದ ಕೂಡಲೇ ಅದು ಎಷ್ಟು ಚೆನ್ನಾಗಿದೆ ಎನಿಸಿ, ಹಾಗೆನಿಸಿದ್ದಕ್ಕೆ ಮುಖ ಬಿಸಿಯಾಯಿತು. ಫೈಟ್‌ನನ್ನು ಎದುರಿಗೆ ಕೂರಿಸಿಕೊಂಡು ಗೀಚಿದ ಆ ಮಧ್ಯಾಹ್ನವೂ ಹೀಗೆಯೇ ಮುಖ ಬಿಸಿಯಾಗಬೇಕಿತ್ತು, ಆಗಿರಲಿಲ್ಲ. ಸಿಪಾಯಿಗಳು ಏನು ಮಾಡಿದರೆಂದು ಫೈಟ್ ಬಾಯಲ್ಲಿ ಹೇಳಿದ್ದ: ಪಿಸ್ತೂಲಿನ ಮೇಲೆ ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಸಣ್ಣ ಕಬ್ಬಿಣದ ದವಡೆ ಇರುತ್ತದಲ್ಲ, ಕಲ್ಲು ತೆಗೆದು ಅದರೊಳಗೆ ಹೆಬ್ಬೆರಳಿಟ್ಟು ತಿರುಪು ಬಿಗಿದರು, ದುಡ್ಡು ಎಲ್ಲಿ ಹೂತಿದ್ದೀಯ ಎಂದು ಕೇಳಿದರು, ಹೂತಿಲ್ಲ ಎಂದೆ, ಮತ್ತೆ ಬಿಗಿದರು. ಇಷ್ಟನ್ನೇ ಹೇಳಿದ್ದ, ಬೇರೆಯವರ ಎತ್ತಿನ ಕಾಲು ಮುರಿದ ಕತೆ ಹೇಳುವವನ ಹಾಗೆ. ಯೋಬ್ಸ್ಟ್‌ಗೆ ಅದು ಸಾಲಲಿಲ್ಲ. ಬೆರಳು ಕಬ್ಬಿಣದ ನಡುವೆ ಹೇಗೆ ಕೂರುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂದು ತಿಳಿಯಬೇಕಿತ್ತು. ಪಕ್ಕದ ಮನೆಯಿಂದ ಪಿಸ್ತೂಲು ಎರವಲು ತಂದ. ಬಿಗಿಯುವುದಿಲ್ಲಪ್ಪಾ, ಸುಮ್ಮನೆ ಇಡು, ಹಾಂ, ಹಾಗೇ, ಎಂದ. ಫೈಟ್ ಇಟ್ಟ. ಅವನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು, ಒರೆಸಿಕೊಳ್ಳಲಿಲ್ಲ, ಅಲುಗಬೇಡ ಎಂದು ಹೇಳಲಾಗಿತ್ತು. ಆ ಬೆವರಿನ ಹನಿಯನ್ನೂ ಯೋಬ್ಸ್ಟ್ ಒಂದು ಪುಟ್ಟ ವೃತ್ತದಲ್ಲಿ ಹಿಡಿದ. ಒಳಗಿನಿಂದ ಅಪೊಲೋನಿಯಾ ಬಂದವಳು ಸೊಂಟಕ್ಕೆ ಕಟ್ಟಿದ್ದ ಅಡಿಗೆಬಟ್ಟೆ ಬಿಚ್ಚಿ ಪಿಸ್ತೂಲಿನ ಮೇಲೆ ಮುಚ್ಚಿದಳು. ಬಟ್ಟೆಯ ಕೆಳಗಿನಿಂದ ಫೈಟ್ ಮೆಲ್ಲಗೆ ತನ್ನ ಕೈ ತೆಗೆದುಕೊಂಡ. ಅವಳು ಸಾರಿನ ಬಟ್ಟಲನ್ನು ಅವನ ಎಡಗೈಗೆ ಕೊಟ್ಟಳು. ಎಡಗೈಗೆ. ಅವಳು ಅವತ್ತೇ ನೋಡಿದ್ದಳು, ಯಾವ ಕೈ ಎಂದು.

"ಏನಯ್ಯಾ ಯೋಬ್ಸ್ಟ್, ಕಣ್ಣು ಕಾಣಿಸೋದಿಲ್ವಾ? ನಿಲ್ಲು."

ಅಚ್ಚಿನ ಹಾಳೆ ಮಾರುವ ಅಂಗಡಿಯ ಮುಂದೆ ಕಾಸ್ಪರ್ ನೋಯ್ಫರ್ ನಿಂತಿದ್ದ. ಚಿನ್ನದ ಕೆಲಸದವರು, ಕೊರೆಯುವವರು, ಅಚ್ಚು ತೆಗೆಯುವವರು ಎಲ್ಲರೂ ಸೇರಿದ ಕಸುಬಿನ ಸಂಘಕ್ಕೆ ಅವನು ಹಿರಿಯ. ತುಪ್ಪಳದ ಕೊರಳಪಟ್ಟಿಯೊಳಗೆ ಗಲ್ಲ ಹುದುಗಿಸಿಕೊಂಡು, ದಾರದಲ್ಲಿ ನೇತುಹಾಕಿದ್ದ ಓಬರ್‌ರೀಡಿನ ರೈತನನ್ನು ನೋಡುತ್ತಿದ್ದ.

"ನಿನ್ನ ಎಡಗೈಯನ್ನೇ ನೋಡ್ತಿದ್ದೆ ಕಣಯ್ಯಾ."

"ನನ್ನ ಎಡಗೈ?"

"ನಿನ್ನದಲ್ಲ, ಇವನದು. ಬೇರೆ ಯಾರಾದ್ರೂ ಆಗಿದ್ರೆ ಬಲಗೈ ಬರೀತಿದ್ರು. ನೀನು ಯೋಚನೆ ಮಾಡಿದೀಯ. ಸಿಪಾಯಿಗಳು ಬಲಗೈ ಯಾಕೆ ಬಿಟ್ರು? ಹೂತಿಟ್ಟ ದುಡ್ಡು ಅವನೇ ಅಗೆದು ಕೊಡ್ಬೇಕಲ್ಲ, ಅದಕ್ಕೆ. ಎಂಥಾ ಲೆಕ್ಕಾಚಾರ ನೋಡು ಪಾಪಿಗಳದ್ದು. ಒಂದು ಹೆಬ್ಬೆರಳಲ್ಲಿ ಇಡೀ ಯುದ್ಧ ಹೇಳಿಬಿಟ್ಟೆ. ಭಾನುವಾರ ಪಾದ್ರಿಗಳು ಇದರ ಮೇಲೇ ಉಪದೇಶ ಮಾಡಿದ್ರು, ಕೇಳಿದ್ಯಾ?"

"ಕೆಮ್ಮಿತ್ತು. ಹೋಗಿರಲಿಲ್ಲ."

"ಬಲಗೈ ಪ್ರಾರ್ಥನೆಗೆ ಉಳೀತು ಅಂದ್ರು. ಹೆಂಗಸರೆಲ್ಲ ಅತ್ತರು."

ಈಗ ಹೇಳಬಹುದಿತ್ತು. ಧರ್ಮದ ಕಚೇರಿಗಿಂತ ಇಲ್ಲಿ ಹೇಳುವುದು ಸುಲಭ, ಇದ್ದವನು ಒಬ್ಬನೇ. ಯೋಬ್ಸ್ಟ್ ಗಂಟಲು ಸರಿಮಾಡಿಕೊಂಡ. "ಅಕಸ್ಮಾತ್ ಅದು ತಪ್ಪಾಗಿದ್ರೆ, ಕಾಸ್ಪರ್? ಕನ್ನಡಿ ಇಡೋದು ಮರೆತು..."

ಕಾಸ್ಪರ್ ಎಷ್ಟು ಜೋರಾಗಿ ನಕ್ಕನೆಂದರೆ ಅಂಗಡಿಯವಳು ಹೊರಗೆ ಇಣುಕಿದಳು. "ಆ ಕೀಲಿಕೈಯವನ ತರಹಾನಾ? ಸಂತ ಪೀಟರ್ ಎಡಗೈಯಲ್ಲಿ ಸ್ವರ್ಗದ ಬೀಗ ತೆಗೀತಿದ್ನಲ್ಲ? ಅವತ್ತು ನೀನು ಏನಂದೆ, ನೆನಪಿದೆಯಾ? 'ಈ ಬಾಗಿಲಲ್ಲಿ ಒಳಗೆ ಹೋದ್ರೆ ಇನ್ನೊಂದು ಕಡೆಗೇ ಸೇರ್ತೀವಿ.' ನಮ್ಮ ಮನೇಲಿ ಈಗ್ಲೂ ಹೇಳ್ಕೊಂಡು ನಗ್ತೀವಿ. ಸೋಮವಾರ ಮರೀಬೇಡ ಮತ್ತೆ. ಪರೀಕ್ಷಕರ ಕುರ್ಚಿ ಮೇಲೆ ನಿನ್ನನ್ನ ಕೂರಿಸ್ತಿದೀವಿ, ಒಳ್ಳೇ ಅಂಗಿ ಹಾಕ್ಕೊಂಡು ಬಾ."

ಕನ್ನಡಿ ಮರೆತು ಆ ಪೀಟರ್‌ನ ಚಿತ್ರ ತಂದು ಮೇಸ್ತ್ರಿಯಾಗಲು ಪರೀಕ್ಷೆಗೆ ಕೂತಿದ್ದವನು ಒಬ್ಬ ಗಿಡ್ಡ ಮನುಷ್ಯ, ಮದುವೆ ಗೊತ್ತಾಗಿತ್ತು, ಮೇಸ್ತ್ರಿಯಾಗದೆ ಮದುವೆಯಾಗುವಂತಿರಲಿಲ್ಲ. ಯೋಬ್ಸ್ಟ್‌ನ ಮಾತಿಗೆ ಎಲ್ಲರೂ ನಕ್ಕಾಗ ಅವನೂ ಮರ್ಯಾದೆಗೆ ನಕ್ಕಿದ್ದ, ತನ್ನ ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ, ಬಾಗಿಲ ಬಳಿ ಹೋಗಿ ತಿರುಗಿ ವಂದನೆ ಹೇಳಿದ್ದ. ಆಮೇಲೆ ಅವನು ಯಾವ ಊರಿಗೆ ಹೋದನೋ ಗೊತ್ತಿಲ್ಲ. ಸೋಮವಾರದ ಸಭೆಯಲ್ಲಿ ಎದ್ದು ನಿಂತು ತನ್ನ ರೈತನೂ ಅದೇ ಬಾಗಿಲಲ್ಲಿ ಒಳಗೆ ಬಂದವನು ಎಂದು ಹೇಳುವ ದೃಶ್ಯವನ್ನು ಯೋಬ್ಸ್ಟ್ ಕಲ್ಪಿಸಿಕೊಂಡ. ಅದರಲ್ಲಿ ತಾನು ಬಹಳ ಉದಾತ್ತನಾಗಿ ಕಂಡ, ಕಿಟಕಿಯಿಂದ ಬೆಳಕು ಕೂಡ ಬೀಳುತ್ತಿತ್ತು. ಎರಡನೆಯ ಬಾರಿ ಕಲ್ಪಿಸಿಕೊಂಡಾಗ ಬೆಳಕು ಇರಲಿಲ್ಲ, ಕಾಸ್ಪರ್‌ನ ನಗು ಮಾತ್ರ ಇತ್ತು. ಆದರೂ ಅವನ ಕಾಲುಗಳು ಧರ್ಮದ ಕಚೇರಿಯ ಕಡೆಗೇ ಹೋಗುತ್ತಿದ್ದವು. ಇದಕ್ಕೆ ಕಾರಣ ಧೈರ್ಯವೋ, ಮನೆಗೆ ಹಿಂತಿರುಗಿದರೆ ಅಪೊಲೋನಿಯಾ ಏನೂ ಕೇಳದೆ ಗಂಜಿ ಬಡಿಸುತ್ತಾಳೆ ಎಂಬ ಭಯವೋ, ಅವನು ಹೆಚ್ಚು ಕೆದಕಲಿಲ್ಲ. ನಾನು ಕನ್ನಡಿ ಇಡುವುದನ್ನು ಮರೆತೆ. ನಾನು ಕನ್ನಡಿ ಇಡುವುದನ್ನು ಮರೆತೆ. ಹೆಜ್ಜೆಗೊಮ್ಮೆ ಹೇಳಿಕೊಂಡ. ಕಚೇರಿಯ ಬಾಗಿಲಿಗೆ ಬರುವಷ್ಟರಲ್ಲಿ ಆ ವಾಕ್ಯ ಬಾಯಿಗೆ ಚೆನ್ನಾಗಿ ಕೂತಿತ್ತು, ಅವನಿಗೆ ತನ್ನ ಮೇಲೆ ಸ್ವಲ್ಪ ಗೌರವವೂ ಹುಟ್ಟಿತ್ತು.

ಒಳಗೆ ಒದ್ದೆ ಉಣ್ಣೆಯ ವಾಸನೆ. ಕಾಣಿಕೆ ಡಬ್ಬಿಯ ಮೇಲೆ ಓಬರ್‌ರೀಡಿನ ರೈತ. ಅವನ ಕೆಳಗೆ ಮೇಜು, ಮೇಜಿನ ಹಿಂದೆ ಗುಮಾಸ್ತ ಟೋಬಿಯಾಸ್ ಕೆರ್ನ್, ಮೇಜಿನ ಮುಂದೆ ಟೊಪ್ಪಿ ಕಂಕುಳಲ್ಲಿಟ್ಟುಕೊಂಡು ಫೈಟ್. ಫೈಟ್‌ನ ಎಡಗೈಗೆ ದಪ್ಪನಾಗಿ ಬಟ್ಟೆ ಸುತ್ತಿತ್ತು. ಬಲಗೈ ಅಂಗಿಯ ಉದ್ದನೆಯ ತೋಳಿನೊಳಗೆ ಪೂರ್ತಿ ಮುಳುಗಿತ್ತು.

ಯೋಬ್ಸ್ಟ್‌ಗೆ ಮೊದಲು ಅರ್ಥವಾಗಲಿಲ್ಲ. ಅವನ ಕಸುಬಿನ ಕಣ್ಣು ಗೋಡೆಯ ಮೇಲಿನವನನ್ನೂ ಕೆಳಗಿನವನನ್ನೂ ಹೋಲಿಸಿ ನೋಡಿ, ಸರಿಯಾಗಿದೆ ಎಂದು ಒಪ್ಪಿಬಿಟ್ಟಿತು. ಆಮೇಲೆ ಅರ್ಥವಾಯಿತು.

"ಬನ್ನಿ ಬನ್ನಿ, ಮೇಸ್ತ್ರಿಗಳೇ," ಕೆರ್ನ್ ಎದ್ದು ನಿಂತ. ಒಳ್ಳೆಯ ಮನುಷ್ಯ, ಡಬ್ಬಿ ತುಂಬಿದ ಸಂಜೆ ತನ್ನ ಕೈಯಿಂದಲೇ ಭಿಕ್ಷುಕರಿಗೆ ರೊಟ್ಟಿ ಹಂಚುತ್ತಿದ್ದ. "ದೇವರೇ ಕಳಿಸಿದ ಹಾಗೆ ಬಂದ್ರಿ. ಈ ಮನುಷ್ಯ ನಿನ್ನೆ ಬಲಗೈ ಕಟ್ಕೊಂಡು ಬಂದಿದ್ದ. ಇವತ್ತು ಎಡಗೈ ಅಂತಿದಾನೆ. ಏನೋ, ನಿನ್ನೆ ಬಲಗೈ ತೋರಿಸಿದ್ದು ಯಾಕೋ?"

"ಗಾಬರಿ ಸ್ವಾಮಿ," ಅಂದ ಫೈಟ್. "ಎಡ ಬಲ ತಿಳೀಲಿಲ್ಲ. ತಪ್ಪು ಕೈಗೆ ಕಟ್ಕೊಂಡುಬಿಟ್ಟೆ."

ಕೆರ್ನ್‌ಗೆ ಇದು ತೀರ ಸಹಜವಾಗಿ ಕಂಡಿತು. "ಇರಬಹುದು, ಇರಬಹುದು. ಹಳ್ಳಿಯವರಿಗೆ ಎಡ ಬಲ ಎಲ್ಲಿ ಗೊತ್ತಿರುತ್ತೆ, ಅಲ್ವಾ ಮೇಸ್ತ್ರಿಗಳೇ? ಸೈನ್ಯಕ್ಕೆ ಸೇರಿಸ್ಕೊಂಡ್ರೆ ಒಂದು ಕಾಲಿಗೆ ಹಸಿಹುಲ್ಲು, ಇನ್ನೊಂದಕ್ಕೆ ಒಣಹುಲ್ಲು ಕಟ್ಟಿ ನಡೆಯೋದು ಕಲಿಸ್ತಾರಂತೆ. ಆದ್ರೂ ನಾನು ಕೇಳ್ಲೇಬೇಕಾಗುತ್ತೆ ನೋಡಿ. ಮೋಸ ಮಾಡಿದವರಿಗೆ ಚಾವಟಿ ಏಟು ಕೊಟ್ಟು ಆಚೆ ಹಾಕ್ಬೇಕು ಅಂತ ಸಭೆಯ ಅಪ್ಪಣೆ. ಬಟ್ಟೆ ಬಿಚ್ಚಿಸಿ ನೋಡೋಣ ಅಂದ್ರೆ ನನ್ನ ಹೊಟ್ಟೆ ಸರಿಯಿಲ್ಲ, ಅಂಥದ್ದೆಲ್ಲ ನೋಡೋಕಾಗಲ್ಲ. ಚಿತ್ರದಲ್ಲಾದ್ರೆ ಪರವಾಗಿಲ್ಲ. ಕಣ್ಣಾರೆ ನೋಡಿದವರು ನೀವು, ನೀವೇ ಹೇಳಿ. ಇವನೇನಾ ಅವನು?"

ಫೈಟ್ ಯೋಬ್ಸ್ಟ್‌ನ ಕಡೆ ನೋಡಿದ. ಬೇಡಿಕೊಳ್ಳುವ ನೋಟವಾಗಿದ್ದರೆ ಯೋಬ್ಸ್ಟ್ ಅದನ್ನು ಹೇಗೋ ತಡೆದುಕೊಳ್ಳುತ್ತಿದ್ದ. ಅಂಗಡಿಯಲ್ಲಿ ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟವನನ್ನು ಅವಮಾನವಾಗದಂತೆ ಎಚ್ಚರಿಸಬೇಕೆನ್ನುವವನ ಹಾಗೆ ಅವನು ನೋಡುತ್ತಿದ್ದ. "ಮೇಸ್ತ್ರಿಗಳ ಚಿತ್ರ ಸರಿಯಾಗೇ ಇದೆ ಸ್ವಾಮಿ," ಅಂದ, "ಕೈ ನಂದೇ ತಪ್ಪಾಗಿದ್ದು."

ನಾನು ಕನ್ನಡಿ ಇಡುವುದನ್ನು ಮರೆತೆ. ವಾಕ್ಯ ಬಾಯಲ್ಲಿ ಸಿದ್ಧವಾಗಿತ್ತು, ನಾಲಿಗೆಯ ಮೇಲೆ ಕೂತಿತ್ತು. ಈಗ ಅದನ್ನು ಹೇಳಿದರೆ ಫೈಟ್ ಸುಳ್ಳುಗಾರನಾಗುತ್ತಾನೆ, ಚಾವಟಿ ಅವನ ಬೆನ್ನಿಗೆ. ಹೇಳದಿದ್ದರೆ ಬಿಲ್ಲೆ ಸಿಗುತ್ತದೆ, ಚಳಿಗಾಲ ಕಳೆಯುತ್ತದೆ. ನಿಜ ಹೇಳುವ ಕಾಲ ಯಾವಾಗಲೋ ಮುಗಿದುಹೋಗಿತ್ತು. ಅಂಗಡಿಯ ಮುಂದೆ ಕಾಸ್ಪರ್‌ನ ಜೊತೆ ನಿಂತ ಹೊತ್ತಿನಲ್ಲೋ, ಚರ್ಚಿನ ಮೆಟ್ಟಿಲ ಬಳಿಯೋ, ಅಥವಾ ತಾನು ಬೆಳಗ್ಗೆ ಗಂಜಿಯ ಮುಂದೆ ಅಷ್ಟು ಸುಲಭಾನಾ ಎಂದು ಕೇಳಿದಾಗಲೋ. ಮತ್ತು ಇದು ತಿಳಿದ ಕ್ಷಣದಲ್ಲಿ ಅವನಿಗೆ ಮೊಟ್ಟಮೊದಲು ಆದದ್ದು ಸಮಾಧಾನ. ಮೈಯೆಲ್ಲ ಬೆಚ್ಚಗಾಗುವಂಥ, ಬಿಸಿನೀರಿನಲ್ಲಿ ಕಾಲಿಟ್ಟಂಥ ಸಮಾಧಾನ. ಸೋಮವಾರದ ಕುರ್ಚಿ ಅಲ್ಲೇ ಇತ್ತು. ಕಾಸ್ಪರ್ ನಗುವುದಿಲ್ಲ. ಒಬ್ಬ ಬಡವನ ಬೆನ್ನು ಉಳಿಸುವುದಕ್ಕಾಗಿ ತಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೇನೆ, ಇದಕ್ಕಿಂತ ಮನುಷ್ಯತ್ವ ಯಾವುದಿದೆ? ಈ ಸಮಾಧಾನದ ಹಿಂದೆಯೇ ಅದರ ನಾಚಿಕೆಯೂ ಬಂತು, ಆದರೆ ಸ್ವಲ್ಪ ತಡವಾಗಿ ಬಂತು, ಊಟ ಮುಗಿದ ಮೇಲೆ ಬರುವ ನೆಂಟನ ಹಾಗೆ.

"ಇವನೇ," ಅಂದ.

"ಎಡಗೈ?"

"ಚಿತ್ರದಲ್ಲಿರೋ ಹಾಗೆ."

"ಅಷ್ಟು ಸಾಕು." ಕೆರ್ನ್ ಸಂತೋಷದಿಂದ ದೊಡ್ಡ ಪುಸ್ತಕ ತಿರುಗಿಸಿ, ಏನೋ ಬರೆದು, ಮಸಿಯಲ್ಲಿ ಅದ್ದಿದ ಗರಿಯ ಲೇಖನಿಯನ್ನು ಫೈಟ್‌ನ ಕಡೆ ಚಾಚಿದ. "ಇಲ್ಲಿ ಒಂದು ಶಿಲುಬೆ ಹಾಕು. ಹೆಸರು ಬರೆಯೋಕೆ ಬರಲ್ಲ ಅಂತ ಗೊತ್ತು, ಶಿಲುಬೆ ಸಾಕು."

ಫೈಟ್ ತನ್ನ ಎಡಗೈ ಮುಂದೆ ಚಾಚಿದ, ಆಮೇಲೆ ನಿಂತ.

"ಬಲಗೈ ನೆಟ್ಟಗಿದೆಯಲ್ಲಪ್ಪಾ. ಬಲಗೈಯಲ್ಲಿ ಹಾಕು."

ಯಾರೂ ಇದನ್ನು ಯೋಚಿಸಿರಲಿಲ್ಲ. ಫೈಟ್ ಕೂಡ ಯೋಚಿಸಿರಲಿಲ್ಲ, ಅವನ ಮುಖದ ಮೇಲೆ ಆ ಮಧ್ಯಾಹ್ನದ ಬೆವರು ಮತ್ತೆ ಕಾಣಿಸಿಕೊಂಡಿತು. ಉದ್ದನೆಯ ತೋಳು ಅಲುಗಿತು, ಅದರ ತುದಿಯಲ್ಲಿ ಏನೂ ಹೊರಗೆ ಬರಲಿಲ್ಲ. ಕೆರ್ನ್ ಲೇಖನಿ ಹಿಡಿದುಕೊಂಡೇ ಕಾದ. ಆಗ ಯೋಬ್ಸ್ಟ್ ಏನೂ ಯೋಚಿಸದೆ, ಆ ದಿನ ಅವನು ಯೋಚಿಸದೆ ಮಾಡಿದ ಒಂದೇ ಕೆಲಸ ಅದು, ಮುಂದೆ ಬಂದು ಫೈಟ್‌ನ ಹಿಂದೆ ನಿಂತ. "ಅಭ್ಯಾಸ ಇಲ್ಲ ಇವನಿಗೆ, ಕೊಡಿ, ನಾನು ಹಿಡಿಸ್ತೀನಿ" ಎಂದು ಲೇಖನಿ ತೆಗೆದುಕೊಂಡು, ತೋಳಿನೊಳಗೆ ಕೈ ತೂರಿಸಿ, ಫೈಟ್‌ನ ಬಲಗೈಯನ್ನು ತನ್ನ ಕೈಯೊಳಗೆ ಮುಚ್ಚಿ ಹಿಡಿದ.

ಆ ಮಧ್ಯಾಹ್ನವೆಲ್ಲ ನೋಡಿದ್ದ ಕೈ. ಮುಟ್ಟಿರಲಿಲ್ಲ. ಹೆಬ್ಬೆರಳು ಇರಬೇಕಾದಲ್ಲಿ ಬಿಸಿಯಾದ, ಗಂಟುಗಂಟಾದ, ಒಳಗೆ ಇನ್ನೂ ಏನೋ ಮಿಡಿಯುತ್ತಿದ್ದ ಒಂದು ಮುದ್ದೆ ಇತ್ತು. ತಾಮ್ರದ ಮೇಲೆ ಅದಕ್ಕೆ ಅವನು ನಾಲ್ಕಾರು ಅಡ್ಡಗೆರೆ ಕೊಟ್ಟಿದ್ದ, ನೆರಳಿಗೆಂದು. ಲೇಖನಿ ಒತ್ತಿದಾಗ ಫೈಟ್‌ನ ಉಸಿರು ನಿಂತಿತು. ಯೋಬ್ಸ್ಟ್ ತನ್ನ ಬೆರಳುಗಳಿಂದಲೇ ಲೇಖನಿ ಹಿಡಿದು, ಆ ಕೈಗೆ ಭಾರ ಬೀಳದ ಹಾಗೆ ಮೆಲ್ಲಗೆ ಒಂದು ಗೆರೆ ಕೆಳಕ್ಕೆ ಎಳೆದ, ಇನ್ನೊಂದು ಅಡ್ಡಕ್ಕೆ ಎಳೆದ. ಜೀವಮಾನವೆಲ್ಲ ಗೆರೆ ಎಳೆದವನ ಶಿಲುಬೆ ಓರೆಯಾಗಿ ಬಂತು.

"ನೋಡಿ, ಎಷ್ಟು ಚೆನ್ನಾಗಿ ಹಾಕಿದ," ಅಂದ ಕೆರ್ನ್. "ಬಲಗೈ ಉಳಿದದ್ದು ದೇವರ ದಯೆ. ಪಾದ್ರಿಗಳು ಹೇಳಿದ ಹಾಗೇ ಆಯ್ತು."

"ಹೌದು ಸ್ವಾಮಿ," ಅಂದ ಫೈಟ್.

ಹೊರಗೆ ಬಂದಾಗ ಗಾಳಿ ನಿಂತಿತ್ತು. ಬಿಲ್ಲೆ ಫೈಟ್‌ನ ಎದೆಯ ಮೇಲೆ ಹೊಳೆಯುತ್ತಿತ್ತು. ಕೆರ್ನ್ ಸ್ವತಃ ಚುಚ್ಚಿದ್ದ. ಇಬ್ಬರೂ ಬೀದಿಯಲ್ಲಿ ಸ್ವಲ್ಪ ದೂರ ನಡೆದರು. ಯೋಬ್ಸ್ಟ್‌ಗೆ ಕ್ಷಮಿಸು ಎನ್ನಬೇಕೆನಿಸಿತು, ಆದರೆ ಯಾವುದಕ್ಕೆ ಎಂದು ಅವನು ಕೇಳಿಬಿಟ್ಟರೆ ಎಲ್ಲಿಂದ ಶುರು ಮಾಡುವುದು ಎಂದು ತಿಳಿಯದೆ, "ಯಾರು ಹೇಳಿಕೊಟ್ರು ಎಡಗೈಗೆ ಕಟ್ಕೋ ಅಂತ?" ಎಂದ.

"ಮೆಟ್ಟಿಲ ಮೇಲೆ ಕೂತ್ಕೋತಾನಲ್ಲ, ಕೆಂಪು ಗಡ್ಡದವನು. ಬಟ್ಟೆ ಕೂಡ ಅವನದೇ. ಒಳ್ಳೆ ಮನುಷ್ಯ."

"ಇನ್ನು ಮೇಲೆ ಬಿಚ್ಚಿಬಿಡಬಹುದಲ್ಲ?"

"ಹೇಗೆ ಬಿಚ್ಚೋದು ಮೇಸ್ತ್ರಿ? ಊರೆಲ್ಲ ನೋಡುತ್ತೆ. ಚಳಿ ಮುಗಿಯೋ ತನಕ ಇರ್ಲಿ." ಫೈಟ್ ತನ್ನ ಕಟ್ಟಿದ ಕೈಯನ್ನು, ಒಳ್ಳೆಯ ಕೈಯನ್ನು, ಬೇರೆಯವರ ಸಾಮಾನಿನಂತೆ ತಿರುಗಿಸಿ ನೋಡಿದ. "ಸೌದೆ ಒಡೆಯೋ ಕೆಲಸ ಸಿಗ್ತಿತ್ತು, ಎಡಗೈಯಲ್ಲೇ ಮಾಡ್ತಿದ್ದೆ. ಅದು ಇನ್ನಿಲ್ಲ. ಹೋಗ್ಲಿ ಬಿಡಿ."

ಸಿಪಾಯಿಗಳು ಒಂದು ಕೈ ತೆಗೆದುಕೊಂಡಿದ್ದರು. ಇನ್ನೊಂದನ್ನು ಯಾರು ತೆಗೆದುಕೊಂಡರೆಂದು ಫೈಟ್ ಹೇಳಲಿಲ್ಲ. ಹೇಳುವ ಅಗತ್ಯ ಅವನಿಗೆ ಹೊಳೆದೇ ಇರಲಿಲ್ಲವೋ ಏನೋ. ರೊಟ್ಟಿ ಸುಡುವ ಮನೆಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ದಪ್ಪ ಹೆಂಗಸು ಬಿಲ್ಲೆಯನ್ನೂ ಕಟ್ಟಿದ ಕೈಯನ್ನೂ ನೋಡಿ ಎದ್ದಳು. "ಅಯ್ಯೋ, ಅವನೇ ಅಲ್ವಾ ಇವನು? ಓಬರ್‌ರೀಡಿನವನು? ನಮ್ಮನೆ ಗೋಡೆ ಮೇಲೆ ಇದೀಯಲ್ಲಪ್ಪಾ ನೀನು. ತಗೋ, ತಿನ್ನು, ಬಿಸಿ ಇದೆ." ಹೊಗೆಯಾಡುವ ರೊಟ್ಟಿಯನ್ನು ಚಾಚಿದಳು. ಫೈಟ್ ನಿಂತ. ಒಂದು ಕೈ ಎತ್ತುವಂತಿಲ್ಲ, ಇನ್ನೊಂದು ತೋರಿಸುವಂತಿಲ್ಲ. ರೊಟ್ಟಿ ನಡುವೆ ಗಾಳಿಯಲ್ಲಿ ನಿಂತಿತ್ತು, ಹೆಂಗಸಿನ ಮುಖದ ನಗು ನಿಧಾನವಾಗಿ ಗೊಂದಲವಾಗುತ್ತಿತ್ತು. ಯೋಬ್ಸ್ಟ್ ರೊಟ್ಟಿ ತೆಗೆದುಕೊಂಡ. ಒಂದು ತುಂಡು ಮುರಿದು, ಬೀದಿಯ ನಡುವೆ, ಹಾದುಹೋಗುವ ಗಾಡಿಗಳ ಮುಂದೆ, ಫೈಟ್‌ನ ಬಾಯಿಗೆ ಹಿಡಿದ. ಫೈಟ್ ಒಂದು ಗಳಿಗೆ ಅವನ ಕಣ್ಣನ್ನೇ ನೋಡಿ ಆಮೇಲೆ ಬಾಯಿ ತೆರೆದ. ಹಸಿದಿದ್ದ, ಅಗಿಯುವ ದವಡೆಯಲ್ಲಿ ಅದು ಕಾಣುತ್ತಿತ್ತು. ಜನ ನಿಂತರು. ಸಂಘದ ಸಭೆ ಸೇರುವ ಮಹಡಿಯ ಕಿಟಕಿ ಎದುರಿಗೇ ಇತ್ತು, ಅಲ್ಲಿ ತುಪ್ಪಳದ ಕೊರಳಪಟ್ಟಿಯೊಂದು ಬಗ್ಗಿ ನೋಡುತ್ತಿದ್ದಂತೆ ಅನಿಸಿತು. ಯೋಬ್ಸ್ಟ್‌ನ ಕಿವಿ ಸುಡುತ್ತಿತ್ತು.

"ನೋಡ್ರೇ ನೋಡ್ರೇ," ಹೆಂಗಸು ಪಕ್ಕದವಳಿಗೆ ಹೇಳಿದಳು, ಕಣ್ಣೊರೆಸಿಕೊಂಡು. "ಚಿತ್ರ ಬರೆದವರೇ ಕೈಯಾರೆ ತಿನ್ನಿಸ್ತಿದಾರೆ. ಮೇಸ್ತ್ರಿಗಳೇ, ಇದನ್ನೂ ಒಂದು ಚಿತ್ರ ಮಾಡಿ. ನಾನು ಮೊದಲನೇದು ತಗೋತೀನಿ."

ಯೋಬ್ಸ್ಟ್ ತಲೆ ಅಲ್ಲಾಡಿಸಿದ, ಇಲ್ಲ ಎಂಬ ಅರ್ಥದಲ್ಲಿ. ನಿಜವಾಗಿಯೂ ಇಲ್ಲವೆಂದೇ ಅವನ ಮನಸ್ಸಿನಲ್ಲಿತ್ತು. ಆದರೆ ಅವನ ಕಣ್ಣು ಅವನನ್ನು ಕೇಳದೆಯೇ, ರೊಟ್ಟಿಯ ಹಬೆ ಫೈಟ್‌ನ ಗಡ್ಡದ ಮೇಲೆ ಹೇಗೆ ಕರಗುತ್ತಿದೆ, ಬುಟ್ಟಿಯ ನೆರಳು ಯಾವ ಕಡೆ ಬಿದ್ದಿದೆ, ಹೆಂಗಸನ್ನು ಎಷ್ಟು ಹಿಂದಕ್ಕೆ ಸರಿಸಬೇಕು ಎಂದು ಅಳೆಯತೊಡಗಿತ್ತು. ಈ ಸಲ ಮರೆಯದೆ ಕನ್ನಡಿ ಇಡಬೇಕೆಂದೂ ಒಳಗೆ ಯಾರೋ ಹೇಳಿಯಾಗಿತ್ತು. ಎರಡನೆಯ ತುಂಡು ಹಿಡಿದ ಅವನ ಕೈ ಅರ್ಧದಾರಿಯಲ್ಲಿ ನಿಂತುಬಿಟ್ಟಿತ್ತು. ಎದುರಿಗೆ ಫೈಟ್ ಬಾಯಿ ತೆರೆದುಕೊಂಡು, ಅಲುಗದೆ, ಕಾಯುತ್ತಿದ್ದ.